ಒಂದು ರಿಮೋಟ್, ಹನ್ನೆರಡು ಮಂದಿ

ಜಿಲ್ಲಾಧಿಕಾರಿಗಳು ಮಳೆಗೆ ರಜೆ ಘೋಷಿಸಿದ ಕೂಡಲೇ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ ಎಂಬ ಅಳಲು ತುಳುನಾಡಿನ ಮಳೆಗಾಲದ ತಿಂಗಳಾದ ಆಟಿಯಲ್ಲಿ ಪ್ರತಿ ವರ್ಷವೂ ಇಲ್ಲಿ ಕೇಳಿಬರುತ್ತದೆ. ಅಳಲು ನ್ಯಾಯವಾದದ್ದೇ. ಆದರೆ ಅದರ ಬೆನ್ನಿಗೇ ಬರುವ "ವಿಡಿಯೊ ಗೇಮ್ ಎಂಬ ಪಿಡುಗನ್ನೇ ಮನೆಯಿಂದ ಹೊರಗೆ ಹಾಕಿ" ಎಂಬ ಬುದ್ಧಿಮಾತನ್ನು ನಾನು ಒಪ್ಪುವುದಿಲ್ಲ. ಮೂಲೆ ಸೇರಿದವರನ್ನು ಎಬ್ಬಿಸಿ ಚಾವಡಿಗೆ ಕರೆತರುವ ವಿಡಿಯೊ ಗೇಮ್‌ಗಳೂ ಇವೆ. ಅವುಗಳ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ಸಮಯದಿಂದ ಅಂದುಕೊಂಡಿದ್ದೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಿದ್ದಾಗ ಓದಿ.

ನಾನು ಹೇಳುತ್ತಿರುವುದು ಹಲವರು ಒಂದೇ ಟಿವಿಯ ಮುಂದೆ ಸೇರಿ ಆಡುವ ಪಾರ್ಟಿ ಗೇಮ್‌ಗಳ ವಿಚಾರ. ಅದರಲ್ಲೂ ಒಂದರ ಹಿಂದೆ ಒಂದು ಪಟಪಟನೆ ಬಂದು ಹೋಗುವ ಕಿರು ಆಟಗಳ ವಿಚಾರ. ಈ ಬಗೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಿಂಟೆಂಡೊ ಕಂಪನಿಯ ವಾರಿಯೊವೇರ್. 2003ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಅಂಗೈಯಗಲದ ಸಾಧನಕ್ಕಾಗಿ ಇದು ಮೊದಲು ಬಂತು. ಕತೆ ಇಷ್ಟೇ: ಗೇಮ್ ವ್ಯಾಪಾರದಲ್ಲಿ ದುಡ್ಡಿದೆ ಎಂದು ತಿಳಿದ ಆಸೆಬುರುಕ ವಾರಿಯೊ ತಾನೂ ಒಂದು ಕಂಪನಿ ತೆರೆಯುತ್ತಾನೆ, ಆಟ ತಯಾರಿಸುವ ಕೆಲಸವನ್ನು ಗೆಳೆಯರ ತಲೆಗೆ ಕಟ್ಟುತ್ತಾನೆ. ಒಳಗೆ ಇನ್ನೂರಕ್ಕೂ ಹೆಚ್ಚು ಆಟಗಳಿವೆ. ಪ್ರತಿ ಸುತ್ತಿನ ಕೊನೆಯಲ್ಲಿ ಬರುವ ದೊಡ್ಡ ಆಟವನ್ನು ಬಿಟ್ಟರೆ ಒಂದೊಂದೂ ಸುಮಾರು ಐದು ಸೆಕೆಂಡಿನದು. ಪರದೆಯ ಮೇಲೆ ಒಂದೆರಡು ಪದಗಳ ಅಪ್ಪಣೆ ಮಿಂಚುತ್ತದೆ, ಅಷ್ಟೇ. ಬೀಳುತ್ತಿರುವ ಕೋಲನ್ನು ಹಿಡಿಯಬೇಕು. ಎದುರಿನಿಂದ ಬರುವ ಗಾಡಿಯ ಮೇಲಿಂದ ಹಾರಬೇಕು. ದೊಡ್ಡದೊಂದು ಮೂಗಿನ ಹೊಳ್ಳೆಗೆ ಬೆರಳು ತೂರಿಸಬೇಕು. ಏನೆಂದು ಅರ್ಥವಾಗುವಷ್ಟರಲ್ಲಿ ಮುಂದಿನ ಆಟ ಬಂದಿರುತ್ತದೆ. ಮುಂದೆ ಹೋದಂತೆ ವೇಗ ಏರುತ್ತದೆ. ನಾಲ್ಕು ಸಲ ತಪ್ಪಿದರೆ ಮುಗಿಯಿತು.

ಆ ಐದು ಸೆಕೆಂಡಿನಲ್ಲೇ ಇದರ ಜೀವಾಳ ಇದೆ ಎಂಬುದು ನನ್ನ ದೃಢ ನಂಬಿಕೆ. ಉಳಿದ ಗೇಮ್‌ಗಳಲ್ಲಿ ತಿಂಗಳುಗಟ್ಟಲೆ ಕುಳಿತು ಪಳಗಿದವನ ಎದುರು ಹೊಸಬ ನಿಲ್ಲಲಾರ. ಎರಡು ಸಲ ಸೋತು, "ನೀವೇ ಆಡಿ" ಎಂದು ಎದ್ದು ಹೋಗುತ್ತಾನೆ. ಇಲ್ಲಿ ಪಳಗುವುದಕ್ಕೆ ಯಾರಿಗೂ ಆಸ್ಪದವಿಲ್ಲ. ಇನ್ನೂರು ಆಟಗಳು ಕಲಸಿಕೊಂಡು ಬರುವಾಗ ನಿನ್ನೆಯ ಅಭ್ಯಾಸ ಇಂದು ಒದಗುವುದು ಕಡಿಮೆ. ಹೀಗಾಗಿ ಏಳು ವರ್ಷದವರೂ ಎಪ್ಪತ್ತು ವರ್ಷದವರೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ.

ಬ್ರಹ್ಮಾವರದ ನಮ್ಮ ಮನೆಯಲ್ಲಿ ಇದನ್ನು ಕಣ್ಣಾರೆ ಕಾಣುತ್ತಿದ್ದೇನೆ. ಭಾವ ದುಬೈಯಿಂದ ತಂದ ನಿಂಟೆಂಡೊ ವೀ ಎಂಬ ಕನ್ಸೋಲ್ ಇನ್ನೂ ಚೆನ್ನಾಗಿ ನಡೆಯುತ್ತಿದೆ. ಅದರ ಹಳದಿ, ಕೆಂಪು, ಬಿಳಿ ತಂತಿಗಳನ್ನು ಸಿಕ್ಕಿಸಲು ಜಾಗವಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ಟಿವಿಯನ್ನೂ ಉಳಿಸಿಕೊಂಡಿದ್ದೇವೆ. ಅದಕ್ಕೆ ಬಂದ ವಾರಿಯೊವೇರ್‌ನ ಹೆಸರು ಸ್ಮೂತ್ ಮೂವ್ಸ್. ಜಪಾನಿನಲ್ಲಿ 2006ರ ಡಿಸೆಂಬರಿನಲ್ಲಿ ಕನ್ಸೋಲ್ ಜೊತೆಗೇ ಬಿಡುಗಡೆಯಾಯಿತು. ಇದರಲ್ಲಿ ಗುಂಡಿ ಒತ್ತುವುದಕ್ಕಿಂತ, ಕೈಯ ಚಲನೆಯನ್ನು ಗುರುತಿಸುವ ಅದರ ರಿಮೋಟನ್ನು ಹಿಡಿಯುವ ಭಂಗಿಯೇ ಮುಖ್ಯ. ಮೂಗಿನ ಮುಂದೆ ಹಿಡಿದರೆ ಆನೆ. ನೆಟ್ಟಗೆ ಹಿಡಿದರೆ ಕೊಡೆ. ಅಂಗೈ ಮೇಲೆ ಮಲಗಿಸಿದರೆ ಹೋಟೆಲ್ ಮಾಣಿ. ಎರಡೂ ಕೈಯಲ್ಲಿ ಅಡ್ಡ ಹಿಡಿದರೆ ಕಾರಿನ ಚಾಲಕ. ಪ್ರತಿ ಭಂಗಿಯನ್ನೂ ಮೊದಲ ಸಲ ತೋರಿಸುವಾಗ ಪ್ರವಚನದ ಗಾಂಭೀರ್ಯದ ಧ್ವನಿಯೊಂದು ಅದನ್ನು ವಿವರಿಸುತ್ತದೆ. ಒಂದೇ ರಿಮೋಟ್ ಇದ್ದರೂ ಹನ್ನೆರಡು ಮಂದಿಯವರೆಗೆ ಆಡಬಹುದು. ಸರದಿ ಬಂದವರು ಆಡಿ, ಪಕ್ಕದವರ ಕೈಗೆ ದಾಟಿಸಬೇಕು. ತಪ್ಪಿದವರು ಹೊರಗೆ, ಕೊನೆಗೆ ಉಳಿದವರು ಗೆದ್ದಂತೆ.

ನಮ್ಮ ದೊಡ್ಡಮ್ಮ ತಮ್ಮ ಸರದಿ ಬಂದಾಗ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ, ಕನ್ನಡಕವನ್ನು ಒರೆಸಿ ಇಟ್ಟುಕೊಳ್ಳುತ್ತಾರೆ, ಆಮೇಲೆ ರಿಮೋಟಿನ ದಾರವನ್ನು ಮಣಿಕಟ್ಟಿಗೆ ಬಿಗಿಯುತ್ತಾರೆ. ಅಷ್ಟರವರೆಗೂ ಎಲ್ಲರೂ ಕಾಯಲೇಬೇಕು. ಅಕ್ಕನ ಮಗ ಪಿಯುಸಿ ಓದುತ್ತಿರುವ ಹುಡುಗ, ಮೊಬೈಲಿನ ಗುಂಡು ಹಾರಿಸುವ ಆಟಗಳಲ್ಲಿ ಅವನದು ಎತ್ತಿದ ಕೈ. "ಅಜ್ಜಿ, ಮೂಗಿನ ಹತ್ತಿರ ಹಿಡಿಯಿರಿ, ಆನೆ, ಆನೆ!" ಎಂದು ಅವನು ಕೂಗುತ್ತಾನೆ. "ಗೊತ್ತುಂಟು ಮಾರಾಯ, ನೀನು ಸ್ವಲ್ಪ ಸುಮ್ಮನಿರು" ಎಂದು ಅವರು ಕಣ್ಣನ್ನು ಟಿವಿಯಿಂದ ಕದಲಿಸದೆ ಹೇಳುತ್ತಾರೆ. ಹುಡುಗನ ಹೆಬ್ಬೆರಳುಗಳಿಗೆ ಬಂದ ವಿದ್ಯೆಗೆ ಇಲ್ಲಿ ಕೆಲಸವೇ ಇಲ್ಲ. ತೂಗುವುದು, ತಿರುಗಿಸುವುದು, ಬೀಳದ ಹಾಗೆ ಹಿಡಿಯುವುದು ಇವೆಲ್ಲ ದೊಡ್ಡಮ್ಮನ ಕೈಗಳು ಜೀವಮಾನವಿಡೀ ಮಾಡಿದ ಕೆಲಸ. ಅವನು ಸೋಲುತ್ತಾನೆ, ಸೋತು ಅಲ್ಲಿಯೇ ಕುಳಿತಿರುತ್ತಾನೆ, ಅಜ್ಜಿಯ ಪರವಾಗಿ ಕೂಗುತ್ತಾನೆ. ಆ ಹುಡುಗ ಕೋಣೆಯ ಬಾಗಿಲು ಹಾಕಿಕೊಳ್ಳದೆ ನಮ್ಮ ನಡುವೆ ಒಂದು ಸಂಜೆ ಪೂರ್ತಿ ಕಳೆಯುತ್ತಾನೆ ಎಂಬುದರ ಬೆಲೆ ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಗೊತ್ತು.

ಇದೇ ದೊಡ್ಡಮ್ಮನ ಎದುರು ಚೆನ್ನೆಮಣೆ ಇಟ್ಟುಕೊಂಡು ಕೂರುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಕಾಯಿ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಹೋಗಿ ಮುಗಿಯುತ್ತದೆ ಎಂದು ಅವರಿಗೆ ನೋಡಿದ ಕೂಡಲೇ ಹೊಳೆಯುತ್ತದೆ. ಚೆನ್ನೆಮಣೆ ಲೆಕ್ಕದ ಆಟ, ಅದರ ಘನತೆಯೇ ಬೇರೆ, ಆಟಿಯಲ್ಲಿ ಅದನ್ನು ಮಕ್ಕಳಿಗೆ ಕಲಿಸಲೇಬೇಕು. ಆದರೆ ಅದು ಇಬ್ಬರ ಆಟ, ಮತ್ತು ಬಲ್ಲವರೇ ಗೆಲ್ಲುವ ಆಟ. ಹನ್ನೆರಡು ಮಂದಿ ನೆರೆದಾಗ ಬೇಕಾದದ್ದು ಬೇರೆ.

ಪಾರ್ಟಿ ಗೇಮ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮಾರಿಯೊ ಪಾರ್ಟಿ. 1998ರಲ್ಲಿ ಹಡ್ಸನ್ ಸಾಫ್ಟ್ ತಯಾರಿಸಿದ ಮೊದಲ ಭಾಗದಿಂದ 2024ರ ಜಂಬೋರಿಯವರೆಗೆ ಅದು ಬೆಳೆಯುತ್ತಲೇ ಬಂದಿದೆ. ಜಂಬೋರಿಯಲ್ಲಿ ನೂರ ಹತ್ತಕ್ಕೂ ಹೆಚ್ಚು ಮಿನಿಗೇಮ್‌ಗಳಿವೆ. ದಾಳ ಹಾಕಿ ಮನೆ ನಡೆಸುವುದು, ಪ್ರತಿ ಸುತ್ತಿನ ಕೊನೆಗೆ ಒಂದು ಮಿನಿಗೇಮ್. ಒಬ್ಬರ ವಿರುದ್ಧ ಮೂವರು ಆಡುವ ಅದರ ಆಟಗಳು ಬಹಳ ಸೊಗಸು, ಮೂರು ಪುಟ್ಟ ಮಕ್ಕಳು ಸೇರಿ ಒಬ್ಬ ಚಿಕ್ಕಪ್ಪನನ್ನು ಸೋಲಿಸುವ ಸುಖವನ್ನು ಬೇರೆ ಯಾವ ಆಟವೂ ಇಷ್ಟು ಚೆನ್ನಾಗಿ ಕೊಡುವುದಿಲ್ಲ. ಕೊನೆಯಲ್ಲಿ ಹಂಚುವ ಬೋನಸ್ ನಕ್ಷತ್ರಗಳಿಂದ ಗೆಲುವು ಬುಡಮೇಲಾಗುತ್ತದೆ ಎಂದು ದೂರುವವರಿದ್ದಾರೆ. ಹಿಂದುಳಿದ ಮಗುವನ್ನು ಕೊನೆಯವರೆಗೂ ಕೂರಿಸುವುದು ಅದೇ ನಕ್ಷತ್ರ, ಹಾಗಾಗಿ ನನ್ನ ದೂರು ಅದರ ಮೇಲಲ್ಲ. ಕಾಯಿಸುವುದರ ಮೇಲೆ. ದಾಳ ಉರುಳಿ, ಬೊಂಬೆ ನಡೆದು, ಅಂಗಡಿ ಹೊಕ್ಕು, ನಾಲ್ವರ ಸರದಿ ಮುಗಿಯುವಷ್ಟರಲ್ಲಿ ಚಿಕ್ಕವರು ಚಾವಡಿಯಿಂದ ಅಡುಗೆಮನೆಗೆ ಜಾರಿರುತ್ತಾರೆ. ಇನ್ನೊಂದು ಮಾತು: ಮೊದಲ ಭಾಗದ ಕೆಲವು ಆಟಗಳಲ್ಲಿ ಕಂಟ್ರೋಲರಿನ ಪುಟ್ಟ ಕೋಲನ್ನು ಗರಗರನೆ ತಿರುಗಿಸಿ ಮಕ್ಕಳ ಅಂಗೈಯಲ್ಲಿ ಬೊಕ್ಕೆ ಬಂದು, 2000ದಲ್ಲಿ ಅಮೆರಿಕದಲ್ಲಿ ನಿಂಟೆಂಡೊ ಕಂಪನಿ ಕೈಗವಸು ಹಂಚಲು ಒಪ್ಪಿಕೊಳ್ಳಬೇಕಾಯಿತು. ಪಾಪ, ಮಕ್ಕಳು ಗೆಲ್ಲಲು ಹೊರಟರೆ ಅಂಗೈ ನೋಡಿಕೊಳ್ಳುವುದಿಲ್ಲ.

ಐದು ಸೆಕೆಂಡಿನ ಆಟ ಎಂದರೆ ರೀಲ್ಸ್ ಇದ್ದ ಹಾಗೆಯೇ ಅಲ್ಲವೇ, ಮಕ್ಕಳ ಗಮನ ಇನ್ನಷ್ಟು ಚೂರಾಗುವುದಿಲ್ಲವೇ ಎಂದು ಶಿಕ್ಷಕಿಯಾಗಿರುವ ನನ್ನ ಅತ್ತಿಗೆ ಕೇಳಿದರು. ಒಳ್ಳೆಯ ಪ್ರಶ್ನೆ, ಇದರ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ರೀಲ್ಸ್ ನೋಡುವವನಿಂದ ಯಾರೂ ಏನನ್ನೂ ಕೇಳುವುದಿಲ್ಲ. ಅದು ನಿಲ್ಲುವುದೂ ಇಲ್ಲ. ಇಲ್ಲಿ ಕ್ಷಣಕ್ಷಣಕ್ಕೂ ನೋಡಬೇಕು, ಏನು ಮಾಡಬೇಕೆಂದು ಊಹಿಸಬೇಕು, ಮೈ ಕದಲಿಸಬೇಕು. ನಂತರ ರಿಮೋಟ್ ಬಿಟ್ಟುಕೊಡಬೇಕು. ತಮ್ಮ ಸರದಿ ಮತ್ತೆ ಬರುವವರೆಗೆ ಬೇರೆಯವರು ಆಡುವುದನ್ನು ನೋಡುತ್ತ, ನಗುತ್ತ, ಸಲಹೆ ಕೊಡುತ್ತ ಕಾಯಬೇಕು. ಕೈಯಲ್ಲಿದ್ದುದನ್ನು ಪಕ್ಕದವರಿಗೆ ದಾಟಿಸಿ ಸುಮ್ಮನೆ ಕೂರುವುದನ್ನು ಕಲಿಸುವ ಎಷ್ಟು ಪರದೆಗಳು ನಮ್ಮ ಮನೆಗಳಲ್ಲಿವೆ? ಮಾರಿಯೊ ಪಾರ್ಟಿಯಲ್ಲಿ ಕಾಯುವಾಗ ನೋಡುವುದು ಬೊಂಬೆಯ ನಡಿಗೆಯನ್ನು. ಇಲ್ಲಿ ನೋಡುವುದು ಮನೆಯವರ ಮೈಯನ್ನು, ಮುಖವನ್ನು. ಅದಕ್ಕೇ ಇಲ್ಲಿ ಯಾರೂ ಅಡುಗೆಮನೆಗೆ ಜಾರುವುದಿಲ್ಲ.

ಕೊರತೆಗಳೂ ಇವೆ. ಸ್ಮೂತ್ ಮೂವ್ಸ್‌ನಲ್ಲಿ ಒಬ್ಬರೇ ಆಡುವ ಕತೆಯನ್ನು ಮುಗಿಸಿದ ಮೇಲೆಯೇ ಗುಂಪಿನ ಆಟ ತೆರೆದುಕೊಳ್ಳುತ್ತದೆ. ಎಲ್ಲರಿಗಾಗಿ ಇರುವ ಆಟದ ಬಾಗಿಲಿಗೆ ಹಾಗೆ ಬೀಗ ಹಾಕಿದ್ದು ತಪ್ಪು. ಅಪ್ಪಣೆಗಳು ಇಂಗ್ಲಿಷಿನಲ್ಲಿರುವುದರಿಂದ ದೊಡ್ಡಮ್ಮನಿಗೆ ಯಾರಾದರೂ ಓದಿ ಹೇಳಬೇಕು. ದಾರದ ವಿಷಯವನ್ನು ಹಗುರವಾಗಿ ಎಣಿಸಬೇಡಿ, ಬೀಸುವ ಭರದಲ್ಲಿ ದಾರ ಹರಿದು ರಿಮೋಟ್ ಹಾರುತ್ತಿದ್ದುದರಿಂದಲೇ 2006ರ ಡಿಸೆಂಬರಿನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ಬದಲಾಯಿಸಿಕೊಡಲು ಮುಂದಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕಾವಿ ನೆಲ ಬೆವರುತ್ತದೆ, ಹಿರಿಯರು ಆಡುವಾಗ ಒಣ ಗೋಣಿಯನ್ನೋ ಚಾಪೆಯನ್ನೋ ಹಾಸಿ. ನಿಂಟೆಂಡೊ ನಂತರ ತಂದ ಸ್ವಿಚ್ ಕನ್ಸೋಲಿನಲ್ಲಿ 2023ರ ಮೂವ್ ಇಟ್ ಎಂಬ ವಾರಿಯೊವೇರ್ ಇದೆ, ಮೈಯೆಲ್ಲ ಬಳಸಿ ಆಡುವಂಥದ್ದು. ಆದರೆ ಇಲ್ಲಿ ಸ್ವಿಚ್ ಕೊಳ್ಳುವವರು ಹೊರದೇಶದಿಂದ ತರಿಸಿದ ಪೆಟ್ಟಿಗೆಯನ್ನೇ ನಂಬಬೇಕು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಕೊಲ್ಲಿಯಿಂದ ಬಂದ ಹಳೆಯ ಕನ್ಸೋಲ್‌ಗಳು ಕಪಾಟಿನಲ್ಲಿ ಧೂಳು ಹಿಡಿಯುತ್ತಿವೆ ಎಂದು ನನ್ನ ಊಹೆ. ದಯವಿಟ್ಟು ತೆಗೆದು ಒರೆಸಿ.

ಈ ಬಗೆಯ ಆಟ ನಮಗೆ ಹೊಸತೇನೂ ಅಲ್ಲ ಎಂಬುದನ್ನೂ ಹೇಳಬೇಕು. ಅಷ್ಟಮಿಯ ಮರುದಿನ ಮೊಸರು ಕುಡಿಕೆಗೆ ಯುವಕ ಮಂಡಲದವರು ನಡೆಸುವುದು ಏನನ್ನು? ನಿಂಬೆ ಚಮಚದ ಓಟ, ಗೋಣಿಚೀಲದ ಓಟ, ಸಂಗೀತ ಕುರ್ಚಿ, ಕಣ್ಣು ಕಟ್ಟಿ ಮಡಕೆ ಒಡೆಯುವುದು. ಎರಡು ನಿಮಿಷಕ್ಕೊಂದು ಆಟ, ಮೈಕ್ ಹಿಡಿದವರ ಅವಸರ, ಬ್ಯಾಂಕಿನ ಮ್ಯಾನೇಜರರೂ ರಿಕ್ಷಾ ಚಾಲಕರೂ ಒಂದೇ ಸಾಲಿನಲ್ಲಿ. ಇದನ್ನು ಬಲ್ಲ ಊರಿನವರು ಇಂಥ ಗೇಮ್ ತಯಾರಿಸಬೇಕು ಎಂಬುದು ನನ್ನ ಬಹುದಿನದ ಆಸೆ. ಮಣಿಪಾಲ, ನಿಟ್ಟೆ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ, ಇದು ನಿಮಗೆ. ಕಿರು ಆಟ ಕಟ್ಟುವುದು ಬೆಟ್ಟ ಅಗೆಯುವ ಕೆಲಸವಲ್ಲ. ನಿಂಟೆಂಡೊದ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಸಾಧನಕ್ಕೆ 2009ರಲ್ಲಿ ಜಪಾನಿನಲ್ಲಿ ಬಂದ ವಾರಿಯೊವೇರ್ ಡಿ.ಐ.ವೈ.ಯಲ್ಲಿ ಆಡುವವರೇ ಚಿತ್ರ ಬಿಡಿಸಿ, ಸಂಗೀತ ಕೂಡಿಸಿ, ನಿಯಮ ಹಾಕಿ ತಮ್ಮ ಆಟಗಳನ್ನು ತಾವೇ ಮಾಡುತ್ತಿದ್ದರು.

ಕಾವಲಿಯಿಂದ ನೀರುದೋಸೆಯನ್ನು ಹರಿಯದ ಹಾಗೆ ಎಬ್ಬಿಸುವುದು. ಮಳೆ ಹನಿ ಬಿದ್ದ ಕೂಡಲೇ ಅಂಗಳದ ಹಲಸಿನ ಹಪ್ಪಳ ಒಳಗೆ ತರುವುದು. ಬಂಗುಡೆ ಕಚ್ಚಿಕೊಂಡು ಓಡುವ ಬೆಕ್ಕಿಗೆ ಅಡ್ಡ ಹಾಕುವುದು. ಕಂಡಕ್ಟರ್ ಸೀಟಿ ಊದುವ ಮೊದಲು ಎಕ್ಸ್‌ಪ್ರೆಸ್ ಬಸ್ಸಿನ ಮೆಟ್ಟಿಲಿಗೆ ಕಾಲಿಡುವುದು. ಒಂದೊಂದಕ್ಕೂ ಐದು ಸೆಕೆಂಡು, ಅಪ್ಪಣೆ ಕನ್ನಡದಲ್ಲೂ ತುಳುವಿನಲ್ಲೂ. ಇಂಥ ಹತ್ತು ಆಟ ಮಾಡಿ ತನ್ನಿ, ಪರೀಕ್ಷಿಸಲು ಹನ್ನೆರಡು ಮಂದಿಯನ್ನು ನಾನು ಒದಗಿಸುತ್ತೇನೆ. ದೊಡ್ಡಮ್ಮ ಈಗಾಗಲೇ ಒಪ್ಪಿದ್ದಾರೆ, ನೀರುದೋಸೆಯದ್ದು ಮೊದಲು ಬೇಕಂತೆ.