ನಮ್ಮನೆ ಯಾರದ್ದು ಅಂದ್ರೆ ಎಫ್‌ಎನ್‌ಯು ಅನ್ನೋರದ್ದಂತೆ

ಹೊಟ್ಟೆ ಉರಿದು ಬರೀತಿದೀನಿ, ಉದ್ದ ಆಗತ್ತೆ, ಬೈಕೋಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡಿರೋ ನಮ್ಮವ್ರು, ಅದ್ರಲ್ಲೂ ಹೆಸ್ರಿಗೆ ಇನಿಷಿಯಲ್ ಅಂಟಿಸ್ಕೊಂಡು ಬೆಳೆದವ್ರು ದಯವಿಟ್ಟು ಓದಿ.

ಎರಡೂವರೆ ತಿಂಗಳಿಂದ ಕೌಂಟಿ ರೆಕಾರ್ಡರ್ ಆಫೀಸಿಗೆ, ಅಂದ್ರೆ ಇಲ್ಲಿ ಆಸ್ತಿ ಪತ್ರ ದಾಖಲಿಸೋ ಕಚೇರಿಗೆ, ಅಲೀತಿದೀನಿ. ಕೆಲ್ಸ ಏನೂ ದೊಡ್ಡದಲ್ಲ. 2016ರಲ್ಲಿ ಮನೇನ ನಮ್ಮ ಲಿವಿಂಗ್ ಟ್ರಸ್ಟಿಗೆ ಹಾಕಿದ್ವಿ, ನಾವು ಹೋದ್ಮೇಲೆ ಆಸ್ತಿ ಕೋರ್ಟ್ ಹತ್ತದೆ ವಾರಸುದಾರರಿಗೆ ಸೇರ್ಲಿ ಅಂತ ಬದುಕಿದ್ದಾಗ್ಲೇ ಮಾಡಿಡೋ ಟ್ರಸ್ಟ್ ಅದು. 2021ರಲ್ಲಿ ಬಡ್ಡಿ ಇಳಿದಿದೆ ಅಂತ ರೀಫೈನಾನ್ಸ್‌ಗೆ ಹೋದಾಗ ಸಾಲ ಕೊಡೋರು, ಮನೇನ ಟ್ರಸ್ಟಿಂದ ಆಚೆ ತಂದು ನಿಮ್ಮಿಬ್ರ ಹೆಸ್ರಿಗೆ ಮಾಡಿ, ಆಮೇಲೆ ಬೇಕಾದ್ರೆ ವಾಪಸ್ ಹಾಕ್ಕೊಳ್ಳಿ ಅಂದ್ರು. ಆಚೆ ತರೋ ಪತ್ರ ಅವ್ರೇ ಟಕಟಕ ಅಂತ ಮಾಡಿ ಮುಗಿಸಿದ್ರು, ವಾಪಸ್ ಹಾಕೋದು ನಮ್ಮ ಪಾಲಿಗೆ ಬಿತ್ತು, ನಾವು ಮರೆತೇ ಹೋದ್ವಿ. ಈ ವರ್ಷ ಸ್ನೇಹಿತರ ಮನೇಲಿ ಒಂದು ಸಾವಾಗಿ ಅವ್ರು ಸತ್ತವರ ಆಸ್ತಿ ಇತ್ಯರ್ಥ ಮಾಡೋ ಪ್ರೊಬೇಟ್ ಕೋರ್ಟಿಗೆ ಓಡಾಡೋದು ನೋಡಿ ಎದೆ ಧಸಕ್ ಅಂತು. 10 ಲಕ್ಷ ಡಾಲರಿನ ಮನೆ ಆದ್ರೆ ಕಾನೂನಿನ ಲೆಕ್ಕದಲ್ಲಿ ವಕೀಲರ ಫೀಸೇ 23,000 ಡಾಲರ್ ಆಗತ್ತೆ, ಅದೂ ಸಾಲ ಕಳೆದು ಉಳಿದಿದ್ರ ಮೇಲಲ್ಲ, ಮನೆಯ ಪೂರ್ತಿ ಬೆಲೆ ಮೇಲೆ!

ಸರಿ ನಾವೇ ಒಂದು ಪತ್ರ ಮಾಡಿ ಹಾಕೋಣ ಅಂತ ಕೂತೆ. ಅದಕ್ಕೆ ಹಳೇ ಪತ್ರದಲ್ಲಿರೋ ಆಸ್ತಿ ವಿವರ ಬೇಕು. ಮನೆ ನಂಬರ್, ರಸ್ತೆ ಹೆಸ್ರು ಬರೆದ್ರೆ ಸಾಲಲ್ಲ, ಲಾಟ್ ಎಷ್ಟನೇದು, ಟ್ರ್ಯಾಕ್ಟ್ ನಂಬರ್ ಎಷ್ಟು, ನಕ್ಷೆ ಯಾವ ಪುಸ್ತಕದ ಯಾವ ಪುಟದಲ್ಲಿದೆ, ಎಲ್ಲ ಅಕ್ಷರಕ್ಕೆ ಅಕ್ಷರ ಅದೇ ಇರ್ಬೇಕು, ನಮ್ಮ ಕಡೆ ಚೆಕ್ಕುಬಂದಿ ಬರೀತಾರಲ್ಲ, ಅಷ್ಟೇ ಮುಖ್ಯ ಅದು. ನಮ್ಮ ಫೈಲು ನೋಡಿದ್ರೆ ಗ್ಯಾರೇಜಲ್ಲಿ ನೀರು ನುಗ್ಗಿದಾಗ ಮುದ್ದೆಯಾಗಿ ಕೂತಿದೆ. ಆನ್‌ಲೈನ್ ಹುಡುಕಿದ್ರೆ ನಮ್ಮ ಕೌಂಟಿಯವ್ರು ಬರೀ ಇಂಡೆಕ್ಸ್ ತೋರಿಸ್ತಾರೆ, ಪತ್ರ ನೋಡ್ಬೇಕಂದ್ರೆ ಆಫೀಸಿಗೇ ಬಾ. ಆ ಇಂಡೆಕ್ಸೂ ಕೊಟ್ಟವರು, ಪಡೆದವರು ಅಂತ ಹೆಸ್ರಿನ ಮೇಲೇ ನಡೆಯೋದು. ವಿಳಾಸ ಹಾಕಿ ಹುಡುಕೋ ಹಾಗಿಲ್ಲ. ಲಾಸ್ಟ್ ನೇಮ್ ಹಾಕಿ ಅನ್ನತ್ತೆ.

ಎಲ್ಲಿಂದ ತರ್ಲಿ ನಾನು ಲಾಸ್ಟ್ ನೇಮು? ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇರೋದು ಎರಡು ಇನಿಷಿಯಲ್, ಊರಿಂದೊಂದು ಅಪ್ಪಂದೊಂದು. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸ್ರು ಹೋಗಿ ಸರ್‌ನೇಮ್ ಜಾಗದಲ್ಲಿ ಕೂತ್ಕೊಂತು. ನಮ್ಮನೆಯವ್ರ ಕಥೆ ಇನ್ನೂ ಚೆಂದ, ಅವ್ರ ಪಾಸ್‌ಪೋರ್ಟಲ್ಲಿ ಒಂದು ಕಾಲಂ ಖಾಲಿ ಇತ್ತು ಅಂತ ವೀಸಾದಲ್ಲಿ ಎಫ್‌ಎನ್‌ಯು ಅಂತ ಹಾಕಿದ್ರು, ಅಂದ್ರೆ ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ, ಅದೇ ಡ್ರೈವಿಂಗ್ ಲೈಸೆನ್ಸಿಗೆ ಬಂತು, ಅಲ್ಲಿಂದ ಮನೆ ಪತ್ರಕ್ಕೂ ಬಂತು. ತೊಟ್ಟಿಲಿಗೆ ಹಾಕಿ ಕಿವೀಲಿ ಮೂರು ಸಲ ಹೇಳಿ ಇಟ್ಟ ಹೆಸ್ರು ಸ್ವಾಮಿ, ಗೊತ್ತಿಲ್ವಂತೆ ಇವ್ರಿಗೆ.

ಆಫೀಸಲ್ಲಿ ಕೌಂಟರಿನ ಹುಡುಗಿ ಪಾಪ ನಗ್ತಾನೇ ಮಾತಾಡಿದ್ಲು, ಸುಳ್ಳು ಹೇಳ್ಬಾರ್ದು. ಆದ್ರೆ ಹುಡುಕಿ ಕೊಡಮ್ಮಾ ಅಂದ್ರೆ ಅಲ್ಲಿ ಕಂಪ್ಯೂಟರ್ ಇದೆ ನೀವೇ ಹುಡುಕ್ಕೊಳ್ಳಿ, ಈ ಫಾರಂ ಹೀಗೆ ತುಂಬಿದ್ರೆ ಸರೀನಾ ಅಂದ್ರೆ ನಾವು ಕಾನೂನು ಸಲಹೆ ಕೊಡೋ ಹಾಗಿಲ್ಲ, ಏನು ಕೇಳಿದ್ರೂ ಇವೆರಡೇ ಉತ್ತರ. ಮೂರು ಗಂಟೆ ಕೂತು ಹುಡುಕ್ದೆ. ನನ್ನ ಹೆಸ್ರು, ಅಪ್ಪನ ಹೆಸ್ರು, ಹೆಸ್ರಲ್ಲಿರೋ ಲಕ್ಷ್ಮಿಗೆ ಕೆಎಸ್‌ಎಚ್ ಹಾಕಿ ಒಂದು ಸಲ ಎಕ್ಸ್ ಹಾಕಿ ಒಂದು ಸಲ. ಕೊನೆಗೆ ಸಿಕ್ತು, ಹೇಗೆ ಅಂತೀರಾ? 2011ರ ಪತ್ರ ಎಫ್‌ಎನ್‌ಯು ಅವ್ರ ಹೆಸ್ರಲ್ಲಿ. 2016ರದ್ದು ನಮ್ಮಪ್ಪನ ಹೆಸ್ರಲ್ಲಿ, ಅದ್ರಲ್ಲೂ ಒಂದಕ್ಷರ ಮಾಯ. 2021ರದ್ದು ನನ್ನ ಹೆಸ್ರೇ ಸರ್‌ನೇಮ್ ಆಗಿ. ಒಂದೇ ಮನೆ, ಮೂರು ಪತ್ರ, ಇಂಡೆಕ್ಸ್ ನೋಡಿದ್ರೆ ಒಬ್ರಿಗೊಬ್ರು ಮುಖ ನೋಡಿರದ ಮೂರು ಜನ.

ಊರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸನ್ನ ಬೈಯದವರು ಯಾರಿದ್ದಾರೆ ಹೇಳಿ, ನಾನೂ ಬೈದಿದೀನಿ, ಅಮ್ಮನ ಸೈಟಿನ ಕೆಲ್ಸಕ್ಕೆ ಹೋದಾಗ ಕಾವೇರಿ ಸರ್ವರ್ ಡೌನ್ ಅಂತ ಎರಡು ದಿನ ಬೆಂಚ್ ಕಾದಿದೀನಿ. ಆದ್ರೂ ಇಸಿ ಅಂತ ಒಂದು ಇದೆಯಲ್ಲ ಅಲ್ಲಿ, ಆಸ್ತಿ ವಿವರ ಕೊಟ್ಟು ಇಷ್ಟನೇ ಇಸವಿಯಿಂದ ಇಷ್ಟನೇ ಇಸವಿಗೆ ಅಂದ್ರೆ ಯಾರಿಂದ ಯಾರಿಗೆ ಹೋಯ್ತು, ಮೇಲೆ ಸಾಲ ಏನಿದೆ ಅಂತ ಸರ್ಕಾರವೇ ಪಟ್ಟಿ ಮಾಡಿ ಕೊಡತ್ತೆ. ಇಲ್ಲಿ ಅಂಥದ್ದನ್ನ ಕೌಂಟಿ ಮಾಡಿಕೊಡಲ್ಲ. ಆಸ್ತಿ ದಾಖಲೆ ಹುಡುಕಿ ಕೊಡೋ ಖಾಸಗಿ ಟೈಟಲ್ ಕಂಪನಿಗೆ ದುಡ್ಡು ಕೊಟ್ಟು ಹುಡುಕಿಸ್ಕೋ, ಅವ್ರು ತಪ್ಪು ಮಾಡಿದ್ರೆ ಅಂತ ಅದಕ್ಕೊಂದು ಇನ್ಶೂರೆನ್ಸ್ ತಗೋ.

ಇನ್ನು ಪತ್ರ ಹಾಕೋದು. ಮೊದಲ ಪುಟದ ಮೇಲ್ಗಡೆ ಎರಡೂವರೆ ಇಂಚು ಬಿಡ್ಬೇಕು, ಎಡಗಡೆ ವಾಪಸ್ ಕಳಿಸೋ ವಿಳಾಸ, ಬಲಗಡೆ ಅವ್ರ ಸೀಲಿಗೆ ಖಾಲಿ. ಮಗನ ಜಾಮಿಟ್ರಿ ಬಾಕ್ಸಿಂದ ಸ್ಕೇಲ್ ತಗೊಂಡು ಅಳೆದು ಬಿಟ್ಟೆ. ನೋಟರಿ ಹತ್ರ ಹೋಗಿ ಸಹಿಗೆ 15 ಡಾಲರ್ ಕೊಟ್ಟು ಅವ್ರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಬಂದ್ವಿ. ಪೋಸ್ಟಲ್ಲಿ ಕಳಿಸಿ ಮೂರು ವಾರ ಆದ್ಮೇಲೆ ವಾಪಸ್ ಬಂತು. ಕಾರಣ? ನೋಟರಿ ಸೀಲು ಸಹಿ ಮೇಲೆ ಬಿದ್ದಿದೆ, ಸ್ಕ್ಯಾನಲ್ಲಿ ಓದೋಕಾಗಲ್ಲ. ಮತ್ತೆ ನೋಟರಿ, ಮತ್ತೆ 30 ಡಾಲರ್. ಎರಡನೇ ಸಲ ವಾಪಸ್ ಬಂದಿದ್ದು ಚೆಕ್ಕಲ್ಲಿ 75 ಡಾಲರ್ ಕಮ್ಮಿ ಅಂತ. 2018ರಿಂದ ಮನೆ ಕಟ್ಟಿಸೋ ನಿಧಿಗೆ ಅಂತ ಒಂದು ಫೀಸ್ ಇದೆ, ಮಾಲೀಕರೇ ವಾಸ ಇರೋ ಮನೇನ ಹೀಗೆ ವರ್ಗಾಯಿಸಿದ್ರೆ ವಿನಾಯಿತಿ ಕೇಳ್ಬಹುದು, ಆದ್ರೆ ಆ ವಿನಾಯಿತಿ ಬೇಕು ಅಂತ ಒಂದು ಸಾಲು ಪತ್ರದ ಮೇಲೇ ಬರೆದಿರ್ಬೇಕು. ಹಿಂದಿನ ಸಲ ವಾಪಸ್ ಕಳಿಸುವಾಗ್ಲೇ ಇದನ್ನೂ ಹೇಳಿದ್ರೆ ಅವ್ರ ಗಂಟೇನು ಹೋಗ್ತಿತ್ತು? ಒಂದು ಸಲಕ್ಕೆ ಒಂದೇ ತಪ್ಪು ಹೇಳೋದು, ಎಲ್ಲ ಒಟ್ಟಿಗೆ ಹೇಳಿದ್ರೆ ಮಜಾ ಎಲ್ಲಿರತ್ತೆ.

ನಿಜವಾಗ್ಲೂ ರೇಗಿದ್ದು ಇದಕ್ಕಲ್ಲ. ಕೊಡ್ತಿರೋರು ನಿಜವಾದ ಮಾಲೀಕರಾ ಅಂತ ರೆಕಾರ್ಡರ್ ನೋಡೋದೇ ಇಲ್ಲ, ಅದು ಅವ್ರ ಕೆಲ್ಸ ಅಲ್ವಂತೆ! ಇಂಚು, ಸೀಲು, ಫೀಸು ಸರಿ ಇದ್ರೆ ತಗೊಂಡು ನಂಬರ್ ಹಾಕ್ತಾರೆ. ನೋಟರಿಗೆ ಸುಳ್ಳು ಐಡಿ ತೋರಿಸಿ ಬಂದ ಕಳ್ಳ ಸೀಲು ನೀಟಾಗಿ ಹಾಕಿಸ್ಕೊಂಡಿದ್ರೆ ನನ್ನ ಮನೆ ಪತ್ರ ಅವ್ನ ಹೆಸ್ರಿಗೆ ದಾಖಲಾಗತ್ತೆ, ನನ್ನ ಅಸಲಿ ಪತ್ರ ಸೀಲು ಒಂಚೂರು ಸೊಟ್ಟಗಾಗಿದ್ದಕ್ಕೆ ಪೋಸ್ಟಲ್ಲಿ ವಾಪಸ್. ಊರಲ್ಲಾದ್ರೆ ಸಬ್ ರಿಜಿಸ್ಟ್ರಾರ್ ಮುಂದೆ ನಿಂತು ಫೋಟೋ, ಹೆಬ್ಬೆಟ್ಟು ಕೊಡ್ಬೇಕು, ಅಲ್ಲೂ ಮೋಸ ಆಗತ್ತೆ ಅನ್ನೋದು ಬೇರೆ ಮಾತು.

2021ರಲ್ಲಿ ಪತ್ರ ದಾಖಲಾದ ಎರಡೇ ವಾರಕ್ಕೆ ಸರ್ಕಾರಿ ನೋಟಿಸ್ ಥರ ಕಾಣೋ ಕಾಗದ ಬಂದಿತ್ತು, ನಿಮ್ಮ ಮನೆ ಪತ್ರದ ನಕಲು ಬೇಕಾದ್ರೆ ನೂರು ಡಾಲರ್ ಹತ್ರ ಕಟ್ಟಿ ಅಂತ. ಯಾವ್ದೋ ಖಾಸಗಿಯವ್ರ ದಂಧೆ. ನಾನು ಮೂರು ಗಂಟೆ ಒದ್ದಾಡಿ ಹುಡುಕಿದ ಪತ್ರ ಅವ್ರಿಗೆ ಎರಡೇ ವಾರದಲ್ಲಿ ಸಿಕ್ಕಿತ್ತು ನೋಡಿ.

ಮೊನ್ನೆ ಮೂರನೇ ಸಲ ರಜೆ ಹಾಕಿ ನಾನೇ ತಗೊಂಡು ಹೋದೆ. ರೆಕಾರ್ಡಿಂಗ್ ಕೌಂಟರ್ 4 ಗಂಟೆಗೇ ಮುಚ್ತಾರೆ, 3:40ಕ್ಕೆ ನನ್ನ ಟೋಕನ್ ಕೂಗಿದ್ರು. ಅದೇ ಹುಡುಗಿ. ತಿರುವಿ ನೋಡಿದ್ಲು, ಸೀಲ್ ಹಾಕಿದ್ಲು, ಆಯ್ತು ಅಂದ್ಲು. ಹೆಸ್ರು ಸರಿಯಾಗಿ ಟೈಪ್ ಮಾಡಮ್ಮಾ ಅಂದೆ. ಇಂಡೆಕ್ಸ್ ಮಾಡೋದು ನಾನಲ್ಲ, ಬೇರೆಯವ್ರು, ಹಿಂದಿನ ರೂಮಲ್ಲಿ ಇರ್ತಾರೆ ಅಂದ್ಲು.

ಆನ್‌ಲೈನಲ್ಲಿ ಈಗ ಬಂದಿರ್ಬೇಕು. ಯಾವ ಹೆಸ್ರಲ್ಲಿ ಅಂತ ಹುಡುಕೋಕೆ ಇನ್ನೂ ಧೈರ್ಯ ಬಂದಿಲ್ಲ.