ರೋಗಿಗೆ ವೈದ್ಯೆಯೇ ಬೇಕು, ವೈದ್ಯೆಗೆ ಶಾಲೆ ಬೇಡ

ಅಫ್ಘಾನಿಸ್ತಾನದಲ್ಲಿ ಹೆಂಗಸಿಗೆ ಹೊಟ್ಟೆನೋವು ಬಂದರೆ ಮೊದಲು ಹುಡುಕಬೇಕಾದ್ದು ಮಾತ್ರೆಯನ್ನಲ್ಲ, ಗಂಡಸನ್ನು. ಸಿಕ್ಕಿದ ಗಂಡಸೆಲ್ಲ ಆಗುವುದಿಲ್ಲ. ಗಂಡ, ಇಲ್ಲವೇ ಅಪ್ಪ, ಅಣ್ಣತಮ್ಮ, ಮಗ, ಚಿಕ್ಕಪ್ಪ, ಸೋದರಮಾವನಂಥ ಮಹ್ರಮ್ ಬೇಕು, ಅಂದರೆ ಹೊರಗೆ ಹೊರಟಾಗ ಜತೆಗಿರಬೇಕಾದ ಹತ್ತಿರದ ಗಂಡಸು. ಮೈದುನ ನಡೆಯುವುದಿಲ್ಲ, ಚಿಕ್ಕಪ್ಪನ ಮಗನೂ ನಡೆಯುವುದಿಲ್ಲ. ಮುಂದೆಂದಾದರೂ ಮದುವೆಯಾಗಬಹುದಾದವನು ಲೆಕ್ಕಕ್ಕಿಲ್ಲ. (ಸೋದರಮಾವನನ್ನೇ ಮದುವೆಯಾಗುವ ನಮ್ಮ ಕಡೆಯವರು ಈ ಪಟ್ಟಿ ನೋಡಿ ಗಲಿಬಿಲಿಯಾಗಬಾರದು.)

2021ರ ಡಿಸೆಂಬರ್‌ನಲ್ಲಿ ತಾಲಿಬಾನ್ ಕೊಂಚ ಧಾರಾಳವಾಗಿತ್ತು. 72 ಕಿಲೋಮೀಟರ್ ದಾಟಿದರೆ ಮಾತ್ರ ಜತೆಗೊಬ್ಬ ಬೇಕೆಂದಿತು. ಹೆಂಗಸಿನ ಶೀಲ 72ರವರೆಗೆ ಗಟ್ಟಿ, 73ಕ್ಕೆ ಸಡಿಲ ಎಂದು ಯಾರೋ ಟೇಪು ಹಿಡಿದು ಅಳೆದಿರಬೇಕು. 2024ರ ಆಗಸ್ಟ್‌ನಲ್ಲಿ ಬಂದ 35 ಕಲಮುಗಳ ಕಾನೂನು ಆ ಟೇಪನ್ನೂ ಸುತ್ತಿಟ್ಟಿತು: ಮಹ್ರಮ್ ಇಲ್ಲದ ಹೆಂಗಸನ್ನು ಡ್ರೈವರ್ ಗಾಡಿಗೆ ಹತ್ತಿಸಿಕೊಳ್ಳಲೇಬಾರದು.

ಸರಿ, ಆಸ್ಪತ್ರೆ ತಲುಪಿದಳು ಅನ್ನಿ. ಹೆಣ್ಣನ್ನು ಹೆಣ್ಣೇ ಪರೀಕ್ಷಿಸಬೇಕೆಂಬುದು ಆಳುವವರ ಹಟ. ಹಾಗಾದರೆ ವೈದ್ಯೆಯನ್ನು ತಯಾರಿಸುವ ವಿಧಾನ ನೋಡೋಣ. ಹುಡುಗಿಯನ್ನು ಆರನೇ ತರಗತಿವರೆಗೆ ಓದಿಸಿ, ನಿಲ್ಲಿಸಿ. 2022ರ ಮಾರ್ಚ್ 23ರಂದು ಪ್ರೌಢಶಾಲೆ ತೆರೆದು ಕೆಲವೇ ಗಂಟೆಗಳಲ್ಲಿ ಮುಚ್ಚಿದರು. ಸಮವಸ್ತ್ರ ತೀರ್ಮಾನವಾಗಿಲ್ಲ ಎಂಬುದು ಕಾರಣ. ಆ ದರ್ಜಿ ಇನ್ನೂ ಅಳತೆ ತೆಗೆಯುತ್ತಲೇ ಇದ್ದಾನೆ. ಅದೇ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಕ್ಕೂ ಬೀಗ. ಸೂಲಗಿತ್ತಿ, ನರ್ಸ್ ತರಬೇತಿಯ ಹಿಂಬಾಗಿಲೊಂದು ತೆರೆದಿತ್ತು. 2024ರ ಡಿಸೆಂಬರ್‌ನಲ್ಲಿ ಅದೂ ಬಂದ್. ಈಗಿರುವ ವೈದ್ಯೆಯರಿಗೆ ವಯಸ್ಸಾಗದಂತೆ ಇನ್ನೊಂದು ಆದೇಶ ಹೊರಡಿಸುವುದೊಂದೇ ಬಾಕಿ.

ವಿಶ್ವವಿದ್ಯಾಲಯದ ಬೀಗ ಶರಿಯತ್ತಿಗೇ ವಿರುದ್ಧ ಎಂದವರು ಕೈರೋದ ಅಲ್-ಅಝರ್‌ನ ಮುಖ್ಯಸ್ಥ ಅಹಮದ್ ಅಲ್-ತಯ್ಯಿಬ್. ಸಾವಿರ ವರ್ಷ ದಾಟಿದ ಆ ವಿದ್ಯಾಪೀಠದ ಪಾಂಡಿತ್ಯ ತಾಲಿಬಾನ್ ಮುಖ್ಯಸ್ಥ ಕೂತಿರುವ ಕಂದಹಾರಕ್ಕೆ ಸಾಲಲಿಲ್ಲ.

ದಾರಿಯಲ್ಲಿ ಮುಸುಕು ಜಾರಿದರೆ? 2022ರ ಮೇ ಆದೇಶದ ಪ್ರಕಾರ ತಪ್ಪು ಅವಳದು, ಶಿಕ್ಷೆ ಗಂಡಸಿಗೆ. ಮೊದಲು ಮನೆಗೆ ಬಂದು ಎಚ್ಚರಿಕೆ, ಆಮೇಲೆ ಕಚೇರಿಗೆ ಕರೆ, ಬಳಿಕ ಮೂರು ದಿನ ಜೈಲು. ಇದನ್ನೆಲ್ಲ ಹೇಳಿಕೊಳ್ಳಲು ಕಾಬೂಲಿನಲ್ಲಿ ಮಹಿಳಾ ಸಚಿವಾಲಯದ ಕಟ್ಟಡವೇನೋ ಇದೆ. 2021ರ ಸೆಪ್ಟೆಂಬರ್‌ನಲ್ಲೇ ಅದರ ಬೋರ್ಡು ಇಳಿಸಿ 'ಸದಾಚಾರ ಪ್ರಸಾರ, ದುರಾಚಾರ ತಡೆ' ಇಲಾಖೆಯ ಬೋರ್ಡು ಏರಿಸಿದ್ದಾರೆ. ಆದರೂ ಹೋಗುತ್ತೇನೆಂದರೆ ಕರೆದೊಯ್ಯಲು ಗಂಡ ಬೇಕು. ಅವನು ಗುರುವಾರದವರೆಗೆ ಒಳಗಿದ್ದಾನೆ.