ಫಾರ್ವರ್ಡ್ ಮಾಡಿದರೆ ಮಗುವಿಗೆ ಹಣ ಸಿಗುವುದಿಲ್ಲ

"ಈ ಮಗುವಿಗೆ ಹಾರ್ಟ್ ಆಪರೇಷನ್ ಆಗಬೇಕು. ಒಂದೊಂದು ಫಾರ್ವರ್ಡ್‌ಗೂ ವಾಟ್ಸಾಪ್ ಕಂಪನಿ 10 ಪೈಸೆ ಕೊಡುತ್ತದೆ" ಎಂಬ ಮೆಸೇಜು ಮತ್ತೆ ಓಡಾಡುತ್ತಿದೆ. ಇದು ಸುಳ್ಳು. ಫಾರ್ವರ್ಡ್‌ಗೆ ಇಷ್ಟು ಅಂತ ವಾಟ್ಸಾಪ್ ಯಾರಿಗೂ ಹಣ ಕೊಡುವುದಿಲ್ಲ. ಮೆಸೇಜುಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದ್ರೆ ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಹುದು. ಒಳಗೆ ಯಾವ ಮಗುವಿನ ವಿಷಯ ಇದೆ ಅಂತ ಕಂಪನಿಗೆ ಓದಲೂ ಆಗದು.

ಕಳಿಸಿದವರ ಮನಸ್ಸು ಒಳ್ಳೆಯದೇ. ಕೈ ಬಿಗಿ ಇರುವಾಗ ದುಡ್ಡಿಲ್ಲದೆ ಸಹಾಯ ಆಗುತ್ತೆ ಅಂದ್ರೆ ಯಾರು ಬೇಡ ಅಂತಾರೆ? ನಿಜಕ್ಕೂ ದುಡ್ಡಿಲ್ಲದೆ ಮಾಡಬಹುದಾದ ಸಹಾಯ ಒಂದಿದೆ. ಗೊತ್ತಿರುವವರ ಮನೆಯಲ್ಲಿ ಇಂಥ ಕಷ್ಟ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಹೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಸಿಗುತ್ತದೆ, ಹೃದಯದ ಆಪರೇಷನ್‌ಗೂ ಇದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಸಾಲ ಮಾಡುತ್ತಾರೆ.

ಹಣವನ್ನೇ ಕೊಡಬೇಕು ಅನ್ನಿಸಿದರೆ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ, ಆಸ್ಪತ್ರೆಯ ಖಾತೆಗೇ ಕಟ್ಟಿ. ಮೆಸೇಜಿನಲ್ಲಿ ಕ್ಯೂಆರ್ ಕೋಡ್ ಇದ್ದರೆ, ಪಿನ್ ಒತ್ತುವ ಮುಂಚೆ ಕಾಣುವ ಹೆಸರು ಯಾರದು ನೋಡಿ. ಸಂಬಂಧವೇ ಇಲ್ಲದ ಹೆಸರಾದರೆ ಅಲ್ಲೇ ನಿಲ್ಲಿಸಿ.

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಇದನ್ನೂ ಹಾಕಿ.